ಹದಿನೇಳನೆಯ ದಿನ ಎಲ್ಲಿ ಹೋಯಿತು?

ಪ್ರಿಯ ಸಹೋದರಿ,

'ನನ್ನ ಬದುಕನ್ನೇ ಬದಲಿಸಿದ ಆರು ವಾರಗಳು' ಎಂಬ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲಾರೆ. ಮೊದಲೇ ಹೇಳಿಬಿಡುತ್ತಿದ್ದೇನೆ; ಒಂದು ಪುಟ ಹೊಗಳಿ ಕೊನೆಯ ಸಾಲಿನಲ್ಲಿ 'ಆದರೆ' ಎನ್ನುವ ಪತ್ರಗಳು ನನ್ನ ಕಾಲದಲ್ಲಿ ನನಗೂ ಬೇಕಾದಷ್ಟು ಬಂದಿವೆ.

ಬೇಸಿಗೆ ರಜೆಯಲ್ಲಿ ಹನ್ನೆರಡು ಮಂದಿಯ ತಂಡದೊಂದಿಗೆ ಸುವಾರ್ತಾ ಸೇವೆಗೆ ಹೋದಿರಿ. ಮಕ್ಕಳಿಗೆ ಸತ್ಯವೇದದ (ಬೈಬಲಿನ) ಕಥೆ ಹೇಳಿದಿರಿ, ಶಾಲೆಯ ಗೋಡೆಗೆ ಬಣ್ಣ ಬಳಿದಿರಿ, ಸಂಜೆ ಮನೆಮನೆಗೆ ಹೋಗಿ ಪ್ರಾರ್ಥಿಸಿದಿರಿ, ನಂಬಿಕೆಯಲ್ಲಿ ಬೆಳೆದು ಹಿಂತಿರುಗಿದಿರಿ. ಮೊದಲ ಮೂರನ್ನು ನಿಮ್ಮ ಬರಹದಲ್ಲಿ ಕಂಡೆ. ನಾಲ್ಕನೆಯದಕ್ಕೆ ನಿಮ್ಮ ಮಾತೇ ಆಧಾರ. 'ನಂಬಿಕೆಯಲ್ಲಿ ಬೆಳೆದೆ' ಎಂಬುದು ಒಂಬತ್ತು ಕಡೆ ಬಂದಿದೆ; ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಎಲ್ಲಿಂದ ಎಲ್ಲಿಗೆ ಬೆಳೆದಿರಿ ಎಂಬುದು ಒಂದು ಕಡೆಯೂ ಇಲ್ಲ. ಹೊರಡುವ ಮುನ್ನ ನಿಮ್ಮ ಪ್ರಾರ್ಥನೆ ಹೇಗಿತ್ತು? ದೇವರ ಬಳಿ ಏನನ್ನು ಕೇಳುತ್ತಿದ್ದಿರಿ, ಏನನ್ನು ಕೇಳಲು ಹೆದರುತ್ತಿದ್ದಿರಿ? ಇದು ತಿಳಿಯದಿದ್ದರೆ ಓದುಗನು ನಿಮ್ಮ ಬೆಳವಣಿಗೆಯನ್ನು ಯಾವ ಗೋಡೆಗೆ ಒರಗಿಸಿ ಅಳೆಯಬೇಕು?

ಹೀಗೇಕಾಯಿತು ಎಂಬುದರ ಬಗ್ಗೆ ನನಗೊಂದು ಊಹೆಯಿದೆ. ನಿಮ್ಮ ಪ್ರಯಾಣದ ಖರ್ಚಿಗೆ ಸಭೆಯ ಹಿರಿಯರೂ ಬಂಧುಗಳೂ ಹಣ ಕೊಟ್ಟರು ಎಂದು ಮೊದಲ ಪುಟದಲ್ಲೇ ಬರೆದಿದ್ದೀರಿ. ಆ ಕ್ಷಣದಿಂದ ಲೇಖನದ ಪ್ರತಿ ವಾಕ್ಯವೂ ಅವರಿಗೆ ಬರೆದುಕೊಟ್ಟ ರಸೀದಿಯಂತಾಗಿದೆ. ಇಷ್ಟು ಮಕ್ಕಳು ಬಂದರು, ಇಷ್ಟು ಮನೆ ನೋಡಿದೆವು, ಇಷ್ಟು ಮಂದಿ ಕಣ್ಣೀರಿಟ್ಟರು, ನಿಮ್ಮ ಹಣ ವ್ಯರ್ಥವಾಗಲಿಲ್ಲ. ಕೊಟ್ಟವರಿಗೆ ಲೆಕ್ಕ ಒಪ್ಪಿಸುವುದು ನ್ಯಾಯವೇ. ಆ ವರದಿಯನ್ನು ಬೇರೆ ಬರೆದು ಅವರಿಗೆ ಕಳುಹಿಸಿ. ನಮ್ಮ ಓದುಗರು ನಿಮಗೆ ಏನನ್ನೂ ಕೊಟ್ಟಿಲ್ಲ, ಆದ್ದರಿಂದ ಅವರಿಗೆ ನಿಜವನ್ನೇ ಹೇಳಬಹುದು. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ಕಳುಹಿಸಿದ ಎಪ್ಪತ್ತು ಮಂದಿ ಮರಳಿ ಬಂದಾಗಲೂ ಹೀಗೆಯೇ ಆಗುತ್ತದೆ. ದೆವ್ವಗಳೂ ನಮಗೆ ಅಧೀನವಾಗುತ್ತವೆ ಎಂದು ಅವರು ಸಂತೋಷದಿಂದ ವರದಿ ಕೊಡುತ್ತಾರೆ. ಯೇಸು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸಂತೋಷಪಡಬೇಕಾದದ್ದು ಅದಕ್ಕಲ್ಲ ಎಂದು ಅವರ ಗಮನವನ್ನೇ ಬೇರೆಡೆಗೆ ತಿರುಗಿಸುತ್ತಾನೆ.

ಈಗ ನಿಮ್ಮ ನಾಲ್ಕನೆಯ ಪುಟಕ್ಕೆ ಬರುತ್ತೇನೆ. ಅಲ್ಲಿ ಎರಡು ವಾಕ್ಯಗಳಿವೆ: 'ಹದಿನೇಳನೆಯ ದಿನ ನಮ್ಮ ತಂಡದ ಒಬ್ಬ ಸಹೋದರಿ ವೈಯಕ್ತಿಕ ಕಾರಣಗಳಿಂದ ಮನೆಗೆ ಮರಳಿದಳು. ಅವಳಿಗಾಗಿ ನಾವು ಪ್ರಾರ್ಥಿಸಿದೆವು.' ಮುಂದಿನ ಸಾಲಿನಲ್ಲಿ ಗೋಡೆಯ ಬಣ್ಣ ಒಣಗುತ್ತಿದೆ!

ಎರಡನೆಯ ಪುಟದಲ್ಲಿ ಅದೇ ಸಹೋದರಿ ನಿಮ್ಮ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದಳು. ರಾತ್ರಿ ನೀವಿಬ್ಬರೂ ಟಾರ್ಚಿನ ಬೆಳಕಿನಲ್ಲಿ ಕೀರ್ತನೆಗಳನ್ನು ಓದುತ್ತಿದ್ದಿರಿ. ಹಾಗಿರುವಾಗ ಅವಳು ಏಕೆ ಹೋದಳು ಎಂಬುದು ನಿಮಗೆ ಗೊತ್ತಿರಲೇಬೇಕು. ಅವಳು ಹೊರಟ ರಾತ್ರಿ ನೀವು ಆ ಕೀರ್ತನೆಗಳನ್ನು ಒಬ್ಬರೇ ಓದಿದಿರೋ, ಪುಸ್ತಕ ಮುಚ್ಚಿಟ್ಟಿರೋ? ಅವಳ ಮೇಲೆ ಸಿಟ್ಟು ಬಂತೋ, ಅಸೂಯೆಯೋ? ನಾನೂ ಹೋಗಿಬಿಡಬಹುದಿತ್ತಲ್ಲ ಎನಿಸಿತೋ? ನನ್ನ ಅನುಮಾನ ಹೇಳುತ್ತೇನೆ, ತಪ್ಪಿದ್ದರೆ ಕ್ಷಮಿಸಿ: ನಿಮ್ಮ ನಂಬಿಕೆ ಅಲುಗಾಡಿದ್ದು ಆ ದಿನ. ಬೆಳೆಯಿತು ಎನ್ನುವುದಾದರೆ ಅದರ ಬೇರು ಇರುವುದೂ ಅಲ್ಲಿಯೇ. ನಿಮ್ಮ ಲೇಖನ ಆ ಎರಡು ವಾಕ್ಯಗಳ ಕೆಳಗೆ ಹೂತುಹೋಗಿದೆ.

ಸೇವೆಯ ನಡುವೆ ಒಬ್ಬರು ಮನೆಗೆ ಹೋದರೆಂದು ಬರೆಯುವುದು ಸಭೆಗೆ ಅವಮಾನ ಎಂದು ಅಂಜಬೇಡಿ. ಯೇಸುವಿನ ಮೊದಲ ಶಿಷ್ಯರ ಕಥೆ ಹೇಳುವ 'ಅಪೊಸ್ತಲರ ಕೃತ್ಯಗಳು' ಪುಸ್ತಕವನ್ನು ಬರೆದವನಿಗೆ ಆ ಅಂಜಿಕೆ ಇರಲಿಲ್ಲ. ಹದಿಮೂರನೆಯ ಅಧ್ಯಾಯದಲ್ಲಿ, ಪಂಫುಲ್ಯದ ಪೆರ್ಗದಲ್ಲಿ, ಮಾರ್ಕನೆನಿಸಿಕೊಳ್ಳುವ ಯೋಹಾನ ಸುವಾರ್ತೆ ಸಾರಲು ಹೊರಟಿದ್ದ ಪೌಲ ಮತ್ತು ಬಾರ್ನಬರ ತಂಡವನ್ನು ಬಿಟ್ಟು ಯೆರೂಸಲೇಮಿಗೆ ಹಿಂತಿರುಗುತ್ತಾನೆ. ಅಲ್ಲಿಯೂ ಅದು ಒಂದೇ ವಾಕ್ಯ, ನಿಮ್ಮದರಂತೆಯೇ. ಆದರೆ ಹದಿನೈದನೆಯ ಅಧ್ಯಾಯದಲ್ಲಿ ಅದು ಮತ್ತೆ ತಲೆಯೆತ್ತುತ್ತದೆ. ಮಾರ್ಕನನ್ನು ಪುನಃ ಕರೆದುಕೊಂಡು ಹೋಗೋಣ ಎಂದು ಬಾರ್ನಬ, ನಡುವೆ ಬಿಟ್ಟುಹೋದವನು ಬೇಡ ಎಂದು ಪೌಲ. ಜಗಳ ಎಷ್ಟು ತೀಕ್ಷ್ಣವಾಯಿತೆಂದರೆ ಇಬ್ಬರೂ ಬೇರೆಯಾಗಿ, ಬಾರ್ನಬ ಮಾರ್ಕನನ್ನು ಕರೆದುಕೊಂಡು ಕುಪ್ರಕ್ಕೆ (ಸೈಪ್ರಸ್ ದ್ವೀಪಕ್ಕೆ) ಹಡಗು ಹತ್ತಿದ. ಪೌಲ ಸೀಲನೊಂದಿಗೆ ಸಿರಿಯದ ಕಡೆ ಹೊರಟ. ಆ ಜಗಳಕ್ಕೆ ಗ್ರೀಕ್ ಮೂಲದಲ್ಲಿರುವ ಪದ 'ಪರೋಕ್ಸಿಸ್ಮೊಸ್'. ಇಬ್ರಿಯರಿಗೆ ಬರೆದ ಪತ್ರದ ಹತ್ತನೆಯ ಅಧ್ಯಾಯದಲ್ಲಿ, ಪ್ರೀತಿಗೂ ಸತ್ಕಾರ್ಯಕ್ಕೂ ಒಬ್ಬರನ್ನೊಬ್ಬರು ಪ್ರೇರೇಪಿಸಿರಿ ಎನ್ನುವಲ್ಲಿಯೂ ಇದೇ ಪದವಿದೆ. ಕೆರಳುವುದಕ್ಕೂ ಪ್ರೇರೇಪಿಸುವುದಕ್ಕೂ ಒಂದೇ ಮಾತು. ಪೌಲನ ಹೆಸರಿನ ಕೊನೆಯ ಪತ್ರಗಳಲ್ಲೊಂದಾದ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ಉಪಯುಕ್ತ ಎಂದಿದೆ. ಈ ಎರಡರ ನಡುವೆ ಪೌಲನ ಮನಸ್ಸು ಹೇಗೆ ಕರಗಿತು ಎಂದು ಯಾರೂ ವಿವರಿಸುವುದಿಲ್ಲ. ಆದರೂ ನಮಗೆ ಅದು ಕಾಣುತ್ತದೆ, ಏಕೆಂದರೆ ಜಗಳವನ್ನು ಯಾರೂ ಒರೆಸಿಹಾಕಲಿಲ್ಲ.

ಇನ್ನೊಬ್ಬರ ಕಥೆಯನ್ನೂ ಇಲ್ಲಿ ಹೇಳದೆ ಇರಲಾರೆ. ಮುಂದೆ ಮೆಥಡಿಸ್ಟ್ ಪಂಥವನ್ನು ಆರಂಭಿಸಿದ ಜಾನ್ ವೆಸ್ಲಿ 1735ರಲ್ಲಿ ಇಂಗ್ಲೆಂಡಿನಿಂದ ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದಾಗ ಅದಾಗಲೇ ಅಭಿಷಿಕ್ತ ಪಾದ್ರಿ. ಕಡಲಿನಲ್ಲಿ ಬಿರುಗಾಳಿ ಎದ್ದಾಗ ಜೊತೆಯಲ್ಲಿದ್ದ ಮೊರೇವಿಯನ್ ಎಂಬ ಕ್ರೈಸ್ತ ಪಂಗಡದ ವಿಶ್ವಾಸಿಗಳು ಶಾಂತವಾಗಿ ಕೀರ್ತನೆ ಹಾಡುತ್ತಲೇ ಇದ್ದರು. ವೆಸ್ಲಿ ಸಾವಿಗೆ ಹೆದರಿದರು, ಹೆದರಿದೆನೆಂದು ದಿನಚರಿಯಲ್ಲಿ ಬರೆದುಕೊಂಡರು. ಜಾರ್ಜಿಯಾದ ಸೇವೆ ಸೋತಿತು. ಮರಳುವ ಹಡಗಿನಲ್ಲಿ, 1738ರ ಜನವರಿಯಲ್ಲಿ, ಅಲ್ಲಿನ ಮೂಲನಿವಾಸಿಗಳನ್ನು ಪರಿವರ್ತಿಸಲು ಹೋಗಿದ್ದ ನನ್ನನ್ನು ಯಾರು ಪರಿವರ್ತಿಸುವರು ಎಂದು ತಮ್ಮನ್ನೇ ಕೇಳಿಕೊಂಡರು. ಅದೇ ವರ್ಷ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಕ್ರಿಸ್ತನಲ್ಲಿ ಭರವಸೆ ಹುಟ್ಟಿ ಅವರ ಹೃದಯ ಬೆಚ್ಚಗಾಯಿತು. ಇಷ್ಟನ್ನು ಎಲ್ಲ ಪ್ರಸಂಗಿಗಳೂ ಹೇಳುತ್ತಾರೆ. ಪ್ರಸಂಗದಲ್ಲಿ ಅಷ್ಟಾಗಿ ಕೇಳಿಬರದ ಭಾಗ ಇದು: ಎಂಟು ತಿಂಗಳೂ ತುಂಬಿರಲಿಲ್ಲ, 1739ರ ಜನವರಿಯಲ್ಲಿ ಅದೇ ವೆಸ್ಲಿ, ನಾನು ಈಗಲೂ ಕ್ರೈಸ್ತನಲ್ಲ ಎಂದು ದಿನಚರಿಯಲ್ಲಿ ಬರೆದರು. ಆ ಪುಟವನ್ನು ಅವರು ಹರಿದುಹಾಕಲಿಲ್ಲ. ಮೇ ತಿಂಗಳ ಪುಟವನ್ನು ನಾನು ನಂಬುವುದು ಅದರಿಂದಲೇ.

ಇದನ್ನು ಹೇಳಲು ಕಾರಣ ನಿಮ್ಮ ಲೇಖನದ ಜೊತೆಗಿದ್ದ ಚೀಟಿ. ಹಿಂತಿರುಗಿ ಏಳು ತಿಂಗಳಾಯಿತು, ಈಗೀಗ ಬೆಳಗಿನ ಪ್ರಾರ್ಥನೆ ತಪ್ಪುತ್ತಿದೆ, ಆ ದಿನಗಳ ಬೆಂಕಿ ಮತ್ತೆ ಹತ್ತಲಿ ಎಂದು ಈ ಲೇಖನ ಬರೆದೆ ಎಂದಿದ್ದೀರಿ. ಐದು ಪುಟಗಳ ಲೇಖನಕ್ಕಿಂತ ಆ ಮೂರು ಸಾಲು ನನ್ನನ್ನು ಹೆಚ್ಚು ತಟ್ಟಿದವು. ಲೇಖನ ಬಸ್ಸಿನ ಕಿಟಕಿಯಲ್ಲಿ, ಕೈಬೀಸುವ ಮಕ್ಕಳೊಂದಿಗೆ ಮುಗಿಯುತ್ತದೆ. ಆದರೆ ಶಿಬಿರದಲ್ಲಿ ಐದೂವರೆಗೆ ಗಂಟೆ ಬಾರಿಸಿ ಎಬ್ಬಿಸುವವರಿದ್ದರು, ಓದಬೇಕಾದ ಅಧ್ಯಾಯವನ್ನು ನಾಯಕರು ಮೊದಲೇ ಗುರುತಿಸಿ ಕೊಡುತ್ತಿದ್ದರು, ಕಣ್ಣು ಮುಚ್ಚಿದರೆ ಅಕ್ಕಪಕ್ಕದಲ್ಲಿ ಹನ್ನೊಂದು ಮಂದಿಯ ಉಸಿರು ಕೇಳುತ್ತಿತ್ತು. ಮನೆಯಲ್ಲಿ ಇದೊಂದೂ ಇಲ್ಲ. ಅಲ್ಲಿ ಉರಿದದ್ದರಲ್ಲಿ ನಿಮ್ಮದೆಷ್ಟು, ತಂಡದ್ದೆಷ್ಟು? ಈ ಪ್ರಶ್ನೆಯನ್ನು ನಾನು ನಿಮ್ಮನ್ನು ಕುಗ್ಗಿಸಲು ಕೇಳುತ್ತಿಲ್ಲ. ಯೌವನದಲ್ಲಿ ಇಂಥದೇ ಒಂದು ಬೇಸಿಗೆ ಸೇವೆಯಿಂದ ಬಂದು, ಸಭೆಯ ಮುಂದೆ ಅರ್ಧ ಗಂಟೆ ನನ್ನ ನಂಬಿಕೆಯ ಸಾಕ್ಷಿ ಹೇಳಿ ಎಲ್ಲರ ಕಣ್ಣು ಒದ್ದೆ ಮಾಡಿದ್ದೆ. ಮುಂದಿನ ತಿಂಗಳು ಸತ್ಯವೇದ ಕಪಾಟಿನಲ್ಲೇ ಇತ್ತು. ಯಾರಿಗೂ ಹೇಳಲಿಲ್ಲ, ಹೇಳಿಬಿಟ್ಟ ಸಾಕ್ಷಿಗೆ ಕಾವಲು ಕಾಯಬೇಕಿತ್ತಲ್ಲ.

ಮೂರನೆಯ ಪುಟದ ಅಜ್ಜಿಯನ್ನು ದಯವಿಟ್ಟು ಉಳಿಸಿಕೊಳ್ಳಿ. 'ನೀವೆಲ್ಲ ಹೋದ ಮೇಲೆ ಯಾರು ಬರುತ್ತಾರೆ?' ಎಂದು ಆಕೆ ಕೇಳುತ್ತಾಳೆ. ಇಡೀ ಬರಹದಲ್ಲಿ ಇದಕ್ಕಿಂತ ಒಳ್ಳೆಯ ವಾಕ್ಯವಿಲ್ಲ, ಅದು ನಿಮ್ಮದಲ್ಲ ಎಂಬುದು ಬೇರೆ ಮಾತು. ನೀವು 'ದೇವರು ಬರುತ್ತಾನೆ' ಎಂದು ಉತ್ತರಿಸಿ ಮುಂದಿನ ಮನೆಗೆ ನಡೆದುಬಿಟ್ಟಿರಿ. ಆಕೆ ಕೇಳಿದ್ದು ದೇವರ ಬಗ್ಗೆ ಆಗಿರಲಾರದು. ವರ್ಷವಿಡೀ ಅಲ್ಲಿಯೇ ಇದ್ದು, ಕಾಯಿಲೆ ಬಂದವರ ಬಳಿ ಕೂತು, ಸತ್ತವರನ್ನು ಹೂಳಲು ಹೋಗುವ ಸೇವಕರು ಯಾರಾದರೂ ಇರಬೇಕು. ನಿಮ್ಮನ್ನು ಬರಮಾಡಿಕೊಂಡವರೂ ಅವರೇ ಇರಬೇಕು. ಅವರಿಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಸಿಕ್ಕಿಲ್ಲ. ನೀವು ಬಂದು ಹೋದದ್ದರಿಂದ ಅವರಿಗೆ ಕೆಲಸ ಹೆಚ್ಚಾಯಿತೋ ಕಡಿಮೆಯಾಯಿತೋ, ಒಮ್ಮೆ ಪತ್ರ ಬರೆದು ಕೇಳಿ ನೋಡಿ. ಉತ್ತರ ನಿಮಗೆ ಹಿಡಿಸದಿದ್ದರೆ ಅದನ್ನೂ ಬರೆಯಿರಿ.

ಚಿಕ್ಕಪುಟ್ಟವು ಬೇಗ ಮುಗಿಸುತ್ತೇನೆ. 'ಆತ್ಮಗಳ ಭಾರ', 'ಕರ್ತನು ಬಾಗಿಲು ತೆರೆದನು' ಇಂಥವು ಸಭೆಯೊಳಗೆ ಎಲ್ಲರಿಗೂ ಅರ್ಥವಾಗುತ್ತವೆ, ಅದೇ ತೊಂದರೆ. ಕಿವಿಗೆ ಬಿದ್ದೊಡನೆ ಜಾರಿಹೋಗುತ್ತವೆ. ಯಾವ ಬಾಗಿಲು, ಒಳಗಿದ್ದವರು ಯಾರು ಎಂದು ಹೇಳಿದರೆ ಸಾಕು. ಸೂರ್ಯೋದಯದ ಮೊದಲ ಪ್ಯಾರಾ ತೆಗೆದುಹಾಕಿ. ಹರಿದ ಅಂಗಿಯ ಹುಡುಗನನ್ನು ನೀವು ತಬ್ಬಿಕೊಂಡಿರುವ ಫೋಟೋ ಹಿಂದಕ್ಕೆ ಕಳುಹಿಸುತ್ತಿದ್ದೇನೆ. ಅವನ ತಂದೆತಾಯಿಯನ್ನು ನೀವು ಕೇಳಿದ್ದರೂ ಅದನ್ನು ಅಚ್ಚು ಹಾಕುತ್ತಿರಲಿಲ್ಲ.

ಕೊನೆ ಹೇಗೆ ಮಾಡಲಿ ಎಂದು ಚೀಟಿಯಲ್ಲಿ ಕೇಳಿದ್ದೀರಿ. ಸತ್ಯವೇದದಲ್ಲಿ ಯೋನನ ಪುಸ್ತಕದ ಕೊನೆಯ ವಾಕ್ಯ ನೋಡಿ. ನಿನೆವೆ ಪಟ್ಟಣವನ್ನು ಎಚ್ಚರಿಸಲು ದೇವರು ಕಳುಹಿಸಿದ ಯೋನ ಕೆಲಸ ಮುಗಿಸಿದ್ದಾನೆ, ಊರೆಲ್ಲ ದೇವರ ಕಡೆ ತಿರುಗಿಕೊಂಡಿದೆ, ಅವನೊಬ್ಬನೇ ಮುನಿಸಿಕೊಂಡು ಊರ ಹೊರಗೆ ಕೂತಿದ್ದಾನೆ. ಲಕ್ಷದ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನರೂ ಬಹಳ ದನಕರುಗಳೂ ಇರುವ ಆ ಪಟ್ಟಣಕ್ಕಾಗಿ ನಾನು ಮರುಗಬಾರದೋ ಎಂದು ದೇವರು ಕೇಳುತ್ತಾನೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ, ಯೋನನ ಉತ್ತರವಿಲ್ಲ.

ಸಾವಿರದ ಇನ್ನೂರು ಪದ ಸಾಕು. ಹದಿನೇಳನೆಯ ದಿನದಿಂದ ಆರಂಭಿಸಿ. ನನಗೆ ಕಳುಹಿಸುವ ಮುನ್ನ ಆ ಸಹೋದರಿಗೆ ಓದಲು ಕೊಡಿ. ಅವಳು ಬೇಡ ಎಂದರೆ ನನಗೂ ಬೇಡ. ಬೇಕು ಎಂದರೆ, ಮೊದಲ ವಾಕ್ಯಕ್ಕೆ ಇಷ್ಟು ತಿಳಿಸಿ: ಅಂದು ಅವಳ ಪೆಟ್ಟಿಗೆಯನ್ನು ಬಸ್ಸಿನವರೆಗೆ ಹೊತ್ತವರು ಯಾರು?

ಇಂತಿ,
ಸಂಪಾದಕ