ಲ್ಯಾಪ್‌ಟಾಪ್‌ನೊಳಗೆ ಡಿವಿಡಿ ಡ್ರೈವ್ ಬೇಡ, ಮನೆಯಲ್ಲಿ ಒಂದು ಇರಲಿ

ಮಗಳನ್ನು ಕಾಲೇಜಿಗೆ ಸೇರಿಸುತ್ತಿದ್ದೀರಿ, ಅವಳಿಗೊಂದು ಲ್ಯಾಪ್‌ಟಾಪ್ ಬೇಕು, ಮಂಗಳೂರಿನ ಅಂಗಡಿಗಳನ್ನು ಸುತ್ತಿದರೂ ಡಿವಿಡಿ ಡ್ರೈವ್ ಇರುವುದು ಸಿಗಲಿಲ್ಲ. ಮನೆಯಲ್ಲಿ ಮದುವೆಯದು, ಯಕ್ಷಗಾನದ್ದು ಎಂದು ಐವತ್ತರಷ್ಟು ಸಿಡಿ ಡಿವಿಡಿಗಳಿವೆ, ಆದ್ದರಿಂದ ಹಳೆಯ ಮಾದರಿಯನ್ನೇ ಹುಡುಕಲೇ ಎಂದು ಕೇಳಿದ್ದೀರಿ. ಹುಡುಕಬೇಡಿ. ಹೊಸ ಲ್ಯಾಪ್‌ಟಾಪ್ ಕೊಳ್ಳಿ, ಜೊತೆಗೆ ಯುಎಸ್‌ಬಿಗೆ ಸಿಕ್ಕಿಸುವ ಹೊರಗಿನ ಡ್ರೈವ್ ಒಂದನ್ನು ಕೊಳ್ಳಿ. ಆದರೆ ಆ ಐವತ್ತು ಡಿಸ್ಕ್‌ಗಳನ್ನು ಮಾತ್ರ ಇನ್ನೊಂದು ಮಳೆಗಾಲ ಕಾಯಿಸಬೇಡಿ. ನನಗೆ ಹೇಳಬೇಕಾಗಿರುವುದು ಹೆಚ್ಚಾಗಿ ಅದನ್ನೇ.

ನಾನು ಉಡುಪಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಹತ್ತು ವರ್ಷದ ಹಿಂದೆಯೇ ಜನರು ಲ್ಯಾಪ್‌ಟಾಪ್‌ನ ಡಿವಿಡಿ ಡ್ರೈವ್ ಬಿಚ್ಚಿಸಿ, ಆ ಜಾಗಕ್ಕೆ ಕ್ಯಾಡಿ ಎಂಬ ಚೌಕಟ್ಟು ಹಾಕಿಸಿ, ಎರಡನೆಯ ಹಾರ್ಡ್‌ಡಿಸ್ಕ್ ಕೂರಿಸಿಕೊಂಡು ಹೋಗುತ್ತಿದ್ದರು. ಆಪಲ್ ಕಂಪನಿ 2008ರಲ್ಲಿ ಮ್ಯಾಕ್‌ಬುಕ್ ಏರ್ ಅನ್ನು ಡ್ರೈವ್ ಇಲ್ಲದೆ ತಂದಾಗ ಬಹಳ ಮಂದಿ ಹುಬ್ಬೇರಿಸಿದ್ದರು. ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ತೆಳುವಾದ ಡ್ರೈವ್ ಎಂದರೂ ಅದು 9.5 ಮಿಲಿಮೀಟರ್ ದಪ್ಪ. ಇಡೀ ಲ್ಯಾಪ್‌ಟಾಪೇ ಎರಡು ಸೆಂಟಿಮೀಟರ್ ಒಳಗಿರುವಾಗ ಆ ಜಾಗ ಬ್ಯಾಟರಿಗೆ ಸಿಗುವುದೇ ಒಳ್ಳೆಯದು. ವಿಂಡೋಸ್ ಹಾಕುವುದಕ್ಕೂ ಈಗ 8 ಜಿಬಿಯ ಪೆನ್‌ಡ್ರೈವ್ ಸಾಕು. ನಿಮ್ಮ ಮಗಳಿಗೆ ಓದಿನ ಕೆಲಸಕ್ಕೆ ಡಿಸ್ಕ್ ಬೇಕಾಗುವ ಸಂದರ್ಭ ಬರುವುದು ಅಪರೂಪ.

ಹೊರಗಿನ ಡ್ರೈವ್‌ನಿಂದ ಇನ್ನೊಂದು ಅನುಕೂಲವಿದೆ. ಒಳಗಿನದು ಕೆಟ್ಟರೆ ಲ್ಯಾಪ್‌ಟಾಪನ್ನೇ ಬಿಚ್ಚಬೇಕು. ನಮ್ಮ ಕಡೆಯ ತೇವಕ್ಕೂ ಧೂಳಿಗೂ ಲೆನ್ಸ್ ಮಸುಕಾಗಿ, ವರ್ಷಗಟ್ಟಲೆ ಮುಟ್ಟದ ಡ್ರೈವ್ ಬೇಕಾದ ದಿನವೇ ಕೈ ಕೊಡುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಹೊರಗಿನದಾದರೆ ಕೆಲಸ ಮುಗಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿಡಬಹುದು, ಅಕ್ಕಪಕ್ಕದ ಮನೆಗೂ ಕೊಡಬಹುದು. ಹೆಸರಿರುವ ಕಂಪನಿಯದನ್ನೇ ಕೊಳ್ಳಿ. ಅದನ್ನು ಒಂದು ಕಿಂಡಿಯನ್ನು ಹಲವಾಗಿಸುವ ಹಬ್‌ಗೆ ಸಿಕ್ಕಿಸದೆ ನೇರವಾಗಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ. ಹಳೆಯ ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪಿಯರ್ ಮಾತ್ರ. ಡಿಸ್ಕ್ ತಿರುಗಲು ಶುರುವಾಗುವ ಗಳಿಗೆಯಲ್ಲಿ ಅದು ಸಾಲದೆ ಡ್ರೈವ್ ಟಿಕ್ ಟಿಕ್ ಎಂದು ನಿಂತುಬಿಡುತ್ತದೆ. ‘ಡ್ರೈವ್ ಕೆಟ್ಟಿದೆ’ ಎಂದು ನನ್ನ ಬಳಿ ತಂದವುಗಳಲ್ಲಿ ಕೆಲವು ಬೇರೆ ಕಿಂಡಿಗೆ ಹಾಕಿದೊಡನೆ ಸರಿಯಾಗಿವೆ.

ಇನ್ನು ಡಿಸ್ಕ್‌ಗಳ ವಿಷಯ. ನಿಮ್ಮ ಮನೆಯಲ್ಲಿರುವ ಒಂದು ಸಿಡಿಯನ್ನು ಕೈಗೆತ್ತಿಕೊಂಡು ಟ್ಯೂಬ್‌ಲೈಟ್‌ಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ ಅಲ್ಲಿ ಬೆಳ್ಳಿಯಂತೆ ಹೊಳೆಯುವ ಪದರ ಹೋಗಿದೆ ಎಂದರ್ಥ. ಸಿಡಿಯಲ್ಲಿ ಆ ಪದರವಿರುವುದು ಹೆಸರು ಬರೆಯುವ ಬದಿಯಲ್ಲಿ, ತೆಳುವಾದ ಅರಗಿನ ಲೇಪದ ಕೆಳಗೆ. ನಾವೆಲ್ಲ ಕೆಳಬದಿಯನ್ನು ಜೋಪಾನ ಮಾಡುತ್ತೇವೆ, ಮೇಲ್ಬದಿಗೆ ಚೀಟಿ ಅಂಟಿಸಿ ಆಮೇಲೆ ಕೆರೆದು ತೆಗೆಯುತ್ತೇವೆ, ಹಾಳಾಗುವುದು ಅಲ್ಲಿಂದಲೇ. ಡಿವಿಡಿಯಲ್ಲಿ ಅದು ಎರಡು 0.6 ಮಿಲಿಮೀಟರ್ ಹಾಳೆಗಳ ನಡುವೆ ಇರುವುದರಿಂದ ಸ್ವಲ್ಪ ಸುರಕ್ಷಿತ, ಆದರೆ ಅಂಚಿನ ಅಂಟು ಬಿಟ್ಟರೆ ಅಲ್ಲಿಗೂ ತೇವ ಇಳಿಯುತ್ತದೆ. ಸ್ಟುಡಿಯೋದವರು ಬರೆದುಕೊಟ್ಟ ಮದುವೆಯ ಡಿವಿಡಿಗಳಲ್ಲಿ ದೃಶ್ಯ ಕೂತಿರುವುದು ಒಂದು ಬಣ್ಣದ ಪದರದಲ್ಲಿ, ಅದು ಬಿಸಿಲಿಗೂ ಸೆಕೆಗೂ ಮಾಸುತ್ತದೆ. ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ಊರು ನಮ್ಮದು. ಅದೇ ಕಪಾಟಿನಲ್ಲಿ ರೇಷ್ಮೆ ಸೀರೆಯ ಪಕ್ಕ ಈ ಡಿಸ್ಕ್‌ಗಳೂ ಇವೆ.

ನನ್ನ ತಂದೆ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಿದ್ದರು. 2006ರಲ್ಲಿ ಅವರು ಕರ್ಣನಾಗಿ ಅರ್ಥ ಹೇಳಿದ ಒಂದು ರಾತ್ರಿಯನ್ನು ಯಾರೋ ಧ್ವನಿಮುದ್ರಿಸಿ ಸಿಡಿಯಲ್ಲಿ ಕೊಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅದನ್ನು ತೆಗೆದು ನೋಡಿದಾಗ ಮೇಲ್ಬದಿಯಲ್ಲಿ ಅವರದೇ ಕೈಬರಹವಿತ್ತು, ಕೆಳಬದಿಯಲ್ಲಿ ಬಳ್ಳಿ ಹಬ್ಬಿದ ಹಾಗೆ ಬೂಷ್ಟು. ಹತ್ತಿಯನ್ನು ನೀರಿನಲ್ಲಿ ಅದ್ದಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ. ಸುತ್ತ ಸುತ್ತ ಒರೆಸಬಾರದು. ಆ ಗೀರು ದತ್ತಾಂಶದ ಜಾಡಿನ ಉದ್ದಕ್ಕೇ ಬೀಳುತ್ತದೆ. ಅಂಗಡಿಯ ಡೆಸ್ಕ್‌ಟಾಪ್‌ಗೆ ಹಾಕಿದರೆ ಗಿರ್ರೆಂದು ತಿರುಗಿ ನಿಂತಿತು. ಎರಡನೆಯ ಡ್ರೈವ್‌ನಲ್ಲಿ ಅರ್ಧ ಬಂತು. ಮೂರನೆಯದು, ಗುಜರಿಗೆ ಹಾಕಬೇಕೆಂದು ಎತ್ತಿಟ್ಟಿದ್ದ ಹಳೆಯ ಡ್ರೈವ್, ನಿಧಾನವಾಗಿ ಬಹುತೇಕ ಎಲ್ಲವನ್ನೂ ಓದಿತು. ಕುಂತಿಯ ಎದುರು ಮಾತನಾಡುವ ಕಡೆ ನಾಲ್ಕು ನಿಮಿಷ ಮಾತ್ರ ಬರಲೇ ಇಲ್ಲ. ಆ ರಾತ್ರಿಯ ಬೇರೆ ಪ್ರತಿ ಯಾರ ಬಳಿಯೂ ಇಲ್ಲ. ಎರಡು ವರ್ಷ ಮೊದಲು ಕಾಪಿ ಮಾಡಿದ್ದರೆ ಆ ನಾಲ್ಕು ನಿಮಿಷವೂ ಸಿಗುತ್ತಿತ್ತೋ ಏನೋ ಎಂಬ ಸಂಕಟ ಇಂದಿಗೂ ಇದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕಾಪಿ ಮಾಡುವುದು ಕಷ್ಟದ ಕೆಲಸವಲ್ಲ. ಡಿವಿಡಿಯೊಳಗೆ ‘ವಿಡಿಯೋ ಟಿಎಸ್’ ಎಂಬ ಫೋಲ್ಡರ್ ಇರುತ್ತದೆ, ಅದನ್ನು ಇಡಿಯಾಗಿ ಹಾರ್ಡ್‌ಡಿಸ್ಕ್‌ಗೆ ಎಳೆದುಹಾಕಿ. ಹಳೆಯ ಯಕ್ಷಗಾನದ ವಿಸಿಡಿಯಲ್ಲಾದರೆ ‘ಎಂಪೆಗ್‌ಎವಿ’ ಫೋಲ್ಡರ್‌ನಲ್ಲಿ ಡ್ಯಾಟ್ ಫೈಲುಗಳಿರುತ್ತವೆ. ಎರಡನ್ನೂ ವಿಎಲ್‌ಸಿ ಪ್ಲೇಯರ್ ನುಡಿಸುತ್ತದೆ, ಅದಕ್ಕೆ ಹಣ ಕೊಡಬೇಕಿಲ್ಲ. ಒಂದು ಡಿವಿಡಿಯಲ್ಲಿ ಹೆಚ್ಚೆಂದರೆ 4.7 ಜಿಬಿ, ಎರಡು ಪದರದ್ದಾದರೆ 8.5, ನಿಮ್ಮ ಐವತ್ತೂ ಸೇರಿ 500 ಜಿಬಿಯ ಹಾರ್ಡ್‌ಡಿಸ್ಕ್‌ನಲ್ಲಿ ಹಿಡಿಸುತ್ತವೆ. ಮೊಬೈಲಿಗೆಂದು ಚಿಕ್ಕ ಫೈಲು ಮಾಡಿಕೊಳ್ಳಿ, ಆದರೆ ಮೂಲ ಫೈಲನ್ನು ಅಳಿಸಬೇಡಿ. ವಿಸಿಡಿಯ ಚಿತ್ರ ಮೊದಲೇ 352ಕ್ಕೆ 288 ಚುಕ್ಕೆಗಳಷ್ಟೇ. ಅದನ್ನು ಇನ್ನೂ ಹಿಂಡಿದರೆ ವೇಷದ ಕಣ್ಣು ಮೂಗು ಒಂದೂ ಉಳಿಯುವುದಿಲ್ಲ. ಮುಗಿದ ಮೇಲೆ ಇನ್ನೊಂದು ಪ್ರತಿಯನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ.

ದುಬೈಯಿಂದಲೋ ಮಸ್ಕತ್‌ನಿಂದಲೋ ಬಂದ ಸಿನಿಮಾ ಡಿವಿಡಿಗಳಿದ್ದರೆ ಒಂದು ಎಚ್ಚರಿಕೆ. ಸಿನಿಮಾ ಡಿವಿಡಿ ಯಾವ ದೇಶಗಳಲ್ಲಿ ಓಡಬೇಕೆಂದು ಅದಕ್ಕೊಂದು ವಲಯದ ಸಂಖ್ಯೆ ಇರುತ್ತದೆ, ಡ್ರೈವ್ ಒಂದು ಸಲಕ್ಕೆ ಒಂದೇ ವಲಯಕ್ಕೆ ಹೊಂದಿಕೊಂಡಿರುತ್ತದೆ. ಅಲ್ಲಿಯ ಡಿಸ್ಕ್‌ಗಳು ವಲಯ 2ರವು, ನಮ್ಮದು ವಲಯ 5. ವಲಯ ಬದಲಿಸಲೇ ಎಂದು ಕಂಪ್ಯೂಟರ್ ಕೇಳಿದಾಗ ಯೋಚಿಸದೆ ಒಪ್ಪಬೇಡಿ. ಐದು ಸಲ ಬದಲಿಸಿದ ಮೇಲೆ ಡ್ರೈವ್ ಕೊನೆಯದಕ್ಕೇ ಅಂಟಿಕೊಳ್ಳುತ್ತದೆ. ಮದುವೆಯ ಡಿಸ್ಕ್‌ಗಳಿಗೆ ಈ ತೊಡಕಿಲ್ಲ.

ಆಸ್ಪತ್ರೆಯಲ್ಲಿ ಎಂಆರ್‌ಐ, ಸಿಟಿ ಸ್ಕ್ಯಾನ್ ಮಾಡಿಸಿದಾಗ ಕೊಟ್ಟ ಸಿಡಿಗಳಿದ್ದರೆ ಅವನ್ನೇ ಮೊದಲು ಕಾಪಿ ಮಾಡಿ, ಒಂದು ಫೈಲನ್ನೂ ಬಿಡದೆ. ಮುಂದೆ ಬೇರೆ ವೈದ್ಯರು ಹಳೆಯ ಚಿತ್ರ ಕೇಳಿದಾಗ ಅವರ ಮೇಜಿನ ಮೇಲೂ ಡ್ರೈವ್ ಇರುವುದಿಲ್ಲ, ಪೆನ್‌ಡ್ರೈವ್‌ನಲ್ಲಿದ್ದರೆ ಕೆಲಸವಾಗುತ್ತದೆ.

ಚೆನ್ನಾಗಿರುವ ಒಂದು ಡಿಸ್ಕ್‌ಗೆ ಕಾಲು ಗಂಟೆ ಸಾಕು. ದಿನಕ್ಕೆ ಮೂರರಂತೆ ಮಾಡಿದರೆ ಮೂರು ವಾರದೊಳಗೆ ಐವತ್ತೂ ಮುಗಿಯುತ್ತವೆ. ಕಾಪಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡುವ ತನಕ ಮೂಲವನ್ನು ಎಸೆಯಬೇಡಿ. ಓದದೆ ಹಟ ಹಿಡಿದ ಡಿಸ್ಕ್‌ಗಳನ್ನು ಬೇರೆಯಾಗಿ ತೆಗೆದಿಟ್ಟು, ಹಳೆಯ ಡ್ರೈವ್ ಉಳಿಸಿಕೊಂಡಿರುವ ರಿಪೇರಿಯವರೊಬ್ಬರ ಬಳಿಗೆ ಒಯ್ಯಿರಿ. ನನ್ನ ಮೇಜಿನ ಕೆಳಗೆ ಅಂಥವು ನಾಲ್ಕು ಇವೆ. ತಂದೆಯ ಸಿಡಿ ಓದಿದ್ದೂ ಅದರಲ್ಲೊಂದು, ಅದು ಇನ್ನೂ ಓಡುತ್ತಿದೆ.