ಒಂದು ಆಕರ ಪ್ರಾಥಮಿಕವೋ ಆನುಷಂಗಿಕವೋ ಎಂದು ವಿದ್ಯಾರ್ಥಿ ತಿಳಿಯುವುದು ಹೇಗೆ?

ಪುಸ್ತಕ ಹಳೆಯದಾದ ಮಾತ್ರಕ್ಕೆ ಅದು ಪ್ರಾಥಮಿಕ ಆಕರವಾಗುವುದಿಲ್ಲ. ನಿಮ್ಮ ಸಂಶೋಧನೆಯ ಪ್ರಶ್ನೆ ಯಾವ ಕಾಲಕ್ಕೆ ಸಂಬಂಧಿಸಿದೆಯೋ ಆ ಕಾಲದಲ್ಲೇ ಹುಟ್ಟಿದ, ಅಥವಾ ಕಣ್ಣಾರೆ ಕಂಡವರು ಬರೆದಿಟ್ಟ ದಾಖಲೆ ಪ್ರಾಥಮಿಕ. ಅಂಥ ದಾಖಲೆಗಳನ್ನು ಓದಿ, ತೂಗಿ ನೋಡಿ ಅನಂತರದವರು ಬರೆದದ್ದು ಆನುಷಂಗಿಕ.

ವಿಜಯನಗರದ ಮೇಲೆ ಪ್ರಬಂಧ ಬರೆಯುವವರು ಎಡವಬಹುದಾದ ಗ್ರಂಥವೆಂದರೆ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ‘ಎ ಫರ್ಗಾಟನ್ ಎಂಪೈರ್’. ಅದರ ಮೊದಲ ಭಾಗ ಸೀವೆಲ್‌ನ ಸ್ವಂತ ನಿರೂಪಣೆಯಾದ್ದರಿಂದ ಆನುಷಂಗಿಕ. ಕೊನೆಯ ಭಾಗದಲ್ಲಿರುವುದು ಪೋರ್ಚುಗೀಸರಾದ ಡೊಮಿಂಗೊ ಪಾಯಸ್ ಮತ್ತು ನ್ಯೂನಿಜ್ ಬರೆದ ವೃತ್ತಾಂತಗಳ ಇಂಗ್ಲಿಷ್ ಅನುವಾದ. ಕೃಷ್ಣದೇವರಾಯನ ಕಾಲದಲ್ಲಿ ರಾಜಧಾನಿಗೆ ಬಂದಿದ್ದ ಪಾಯಸ್ ಮಹಾನವಮಿ ಉತ್ಸವವನ್ನು ತಾನೇ ನೋಡಿ ವರ್ಣಿಸಿರುವುದರಿಂದ ಅದು ಪ್ರಾಥಮಿಕ (ಓದಿದ್ದು ಅನುವಾದವೆಂಬುದನ್ನು ಅಡಿಟಿಪ್ಪಣಿಯಲ್ಲಿ ಹೇಳಲೇಬೇಕು). ನ್ಯೂನಿಜ್‌ನ ವಿಚಾರ ಇನ್ನೂ ಸೂಕ್ಷ್ಮ: ಅಚ್ಯುತರಾಯನ ಆಳ್ವಿಕೆಗೆ ಅವನು ಸಮಕಾಲೀನ ಸಾಕ್ಷಿ, ಆದರೆ ಅದಕ್ಕೂ ಸುಮಾರು ಇನ್ನೂರು ವರ್ಷ ಹಿಂದಿನ ರಾಜ್ಯಸ್ಥಾಪನೆಯ ಬಗ್ಗೆ ಅವನು ಬರೆದದ್ದು ಕೇಳಿ ತಿಳಿದದ್ದು, ಶಾಸನಗಳೊಂದಿಗೆ ಹೋಲಿಸದೆ ಅದನ್ನು ನೆಚ್ಚಬಾರದು.

ಪ್ರಶ್ನೆ ಬದಲಾದರೆ ವರ್ಗವೂ ಬದಲಾಗುತ್ತದೆ. ಬ್ರಿಟಿಷ್ ಅಧಿಕಾರಿಗಳು ವಿಜಯನಗರವನ್ನು ಹೇಗೆ ಕಂಡರು ಎಂಬುದೇ ನಿಮ್ಮ ವಿಷಯವಾದರೆ, ಮದರಾಸು ಸಿವಿಲ್ ಸರ್ವೀಸಿನಲ್ಲಿದ್ದ ಸೀವೆಲ್‌ನ ಅದೇ ನಿರೂಪಣೆ ಪ್ರಾಥಮಿಕವೆನಿಸುತ್ತದೆ.

ಇನ್ನೊಂದು ಮಾತು: ಪಾಯಸ್‌ನ ವಾಕ್ಯವನ್ನು ಬೇರೊಬ್ಬರ ಲೇಖನದಲ್ಲಿ ಓದಿದ್ದರೆ, ಅವನನ್ನು ನೇರವಾಗಿ ಓದಿದಂತೆ ತೋರಿಸದೆ, ಆ ಲೇಖನದ ಮೂಲಕ ಉದ್ಧರಿಸಿದ್ದೆಂದೇ ನಮೂದಿಸಿ.