ಬಣ್ಣದ ಚಾರ್ಡ್: ದಂಟು ಮೊದಲು, ಸೊಪ್ಪು ಆಮೇಲೆ

ಪ್ರಶ್ನೆ: ಕುಂಡದಲ್ಲಿ ಬಣ್ಣಬಣ್ಣದ ಸ್ವಿಸ್ ಚಾರ್ಡ್ ಹಾಕಿದ್ದೆ. ಹಾಕಿದ್ದು ಹತ್ತು ಬೀಜ, ಎದ್ದಿದ್ದು ಇಪ್ಪತ್ತಕ್ಕೂ ಜಾಸ್ತಿ ಸಸಿ! ಕೀಳೋಕೆ ಮನಸ್ಸು ಬರಲಿಲ್ಲ, ಈಗ ಎಲ್ಲವೂ ಬಡಕಲು. ಸಿಕ್ಕಷ್ಟು ಕೊಯ್ದು ಬೇಯಿಸಿದರೆ ದಂಟು ಗಟ್ಟಿ, ಸೊಪ್ಪು ಮುದ್ದೆ, ಬಣ್ಣವೆಲ್ಲ ನೀರುಪಾಲು. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಲೆಕ್ಕ ತಪ್ಪಿಲ್ಲ. ಚಾರ್ಡ್ ಅಂದರೆ ಬೀಟ್‌ರೂಟಿನದೇ ಜಾತಿ. ಅಲ್ಲಿ ಗಡ್ಡೆಗಾಗಿ ಬೆಳೆಸುತ್ತೇವೆ, ಇಲ್ಲಿ ಸೊಪ್ಪು, ದಂಟಿಗಾಗಿ, ಅಷ್ಟೆ. ನಾವು ಒಂದು ಬೀಜ ಅಂದುಕೊಳ್ಳುವುದು ಸಾಮಾನ್ಯವಾಗಿ ಹಲವು ಬೀಜಗಳ ಪುಟ್ಟ ಗಂಟು. ಹಾಗಾಗಿ ಒಂದು ಕಡೆ ಒಂದೇ ಸಸಿ ಉಳಿಸಿ, ನಡುವೆ 20ರಿಂದ 30 ಸೆಂಟಿಮೀಟರ್ ಜಾಗ ಬಿಡಲೇಬೇಕು. ಬೇಡದ್ದನ್ನು ಕಿತ್ತರೆ ಪಕ್ಕದ್ದರ ಬೇರು ಅಲುಗುತ್ತದೆ, ಅದಕ್ಕೇ ಬುಡಕ್ಕೆ ಕತ್ತರಿ ಹಾಕಿ. ಎಳೆ ಸಸಿಯಲ್ಲೇ ದಂಟಿನ ಬಣ್ಣ ಗೊತ್ತಾಗುತ್ತದೆ, ಅದನ್ನು ನೋಡಿಕೊಂಡು ಉಳಿಸಿ. ಸುಮ್ನೆ ದಪ್ಪಗಿದ್ದುದನ್ನೇ ಆರಿಸುತ್ತಾ ಹೋದರೆ ಹಳದಿಯೋ ಗುಲಾಬಿಯೋ ಒಂದು ಬಣ್ಣವೇ ಇಲ್ಲದಂತಾಗಬಹುದು. ಕತ್ತರಿಸಿದ ಸಸಿ ತೊಳೆದು ಹಸಿಯಾಗೇ ತಿನ್ನಬಹುದು.

ಮುಂದೆ ಕೊಯ್ಯುವಾಗ ಹೊರಗಿನ ಎಲೆ ಮಾತ್ರ. ನಡುವಿನ ಚಿಗುರು ಮುಟ್ಟದಿದ್ದರೆ ಅದೇ ಗಿಡ ತಿಂಗಳುಗಟ್ಟಲೆ ಕೊಡುತ್ತದೆ.

ಇನ್ನು ಅಡುಗೆ. ದಂಟು, ಸೊಪ್ಪು ಎರಡೂ ಒಟ್ಟಿಗೆ ಬೇಯುವುದಿಲ್ಲ, ನೀವು ಎಡವಿದ್ದು ಇಲ್ಲೇ. ದಂಟು ಬೇರೆ ಮಾಡಿ ಸಣ್ಣಗೆ ಹೆಚ್ಚಿ, ಎಣ್ಣೆ ಬೆಳ್ಳುಳ್ಳಿಯಲ್ಲಿ ನಾಲ್ಕೈದು ನಿಮಿಷ ಬಾಡಿಸಿ, ಆಮೇಲೆ ಸೊಪ್ಪು ಹಾಕಿ, ಎರಡು ನಿಮಿಷಕ್ಕೆ ಇಳಿಸಿ. ಬಾಣಲೆ ತುಂಬಾ ಇದ್ದ ಸೊಪ್ಪು ಒಂದು ಹಿಡಿಯಾಗುತ್ತದೆ, ಅದನ್ನು ನೋಡಿದ ಮೇಲೇ ಉಪ್ಪು ಹಾಕಿ. ಈ ಬಣ್ಣ ನೀರಿನಲ್ಲಿ ಕರಗುವಂಥದ್ದು, ಅದಕ್ಕೇ ಕುದಿಸಿದರೆ ಬಿಟ್ಟುಕೊಳ್ಳುತ್ತದೆ. ಕೊನೆಗೆ ನಾಲ್ಕು ಹನಿ ನಿಂಬೆರಸ ಹಿಂಡಿ, ಕೆಂಪು ಚೆನ್ನಾಗಿ ನಿಲ್ಲುತ್ತದೆ, ಮಣ್ಣಿನ ವಾಸನೆಯೂ ತಗ್ಗುತ್ತದೆ. ಸೋಡಾ ಮಾತ್ರ ಹಾಕಲೇಬೇಡಿ, ಬಣ್ಣ ಕೆಡುತ್ತದೆ.

ಒಂದು ಮಾತು, ಚಾರ್ಡ್‌ನಲ್ಲಿ ಆಕ್ಸಲೇಟ್, ಅಂದರೆ ಕಿಡ್ನಿ ಕಲ್ಲಿಗೆ ಕಾರಣವಾಗಬಲ್ಲ ಅಂಶ, ಜಾಸ್ತಿ. ಕಿಡ್ನಿ ಕಲ್ಲು ಆದವರು ವೈದ್ಯರನ್ನು ಕೇಳಿಯೇ ತಿನ್ನಿ. ಕುದಿಸಿ ನೀರು ಚೆಲ್ಲಿದರೆ ಆಕ್ಸಲೇಟ್ ಕಡಿಮೆಯಾಗುತ್ತದೆ, ಬಣ್ಣ ಹೋದರೆ ಹೋಗಲಿ ಬಿಡಿ.

ಅಂದಹಾಗೆ, ಕೆಂಪು ದಂಟು ಪಕ್ಕದ ಹಳದಿಗೂ ಬಿಳಿಗೂ ಬಣ್ಣ ಹತ್ತಿಸುತ್ತದೆ. ಬೇಡ ಅನ್ನಿಸಿದರೆ ಅದಕ್ಕೊಂದು ಬೇರೆ ಬಾಣಲೆ ಇಡಿ.